ಯೂರೋಪಿನ ಪಟ್ಟಣಗಳೂ ನಮ್ಮ ಮನೆಯ ಅಂಗಳವೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ನಾವು ಯೂರೋಪ ಖಂಡದಲ್ಲಿ ಕಂಡು ಬಂದುದನ್ನು ಕುರಿತು ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರ ಅಪ್ಪಣೆಯಾಗಿದೆ. ದಂಪತಿಗಳಾದ ನಮ್ಮಲ್ಲಿ ಒಬ್ಬಾಕೆ ಈ ಶಾಲೆಯ ಹಳೆಯ ವಿದ್ಯಾರ್ಥಿನಿ; ನಮ್ಮ ಒಬ್ಬಳೇ ಮಗಳೂ ಇಲ್ಲಿಯೇ ಓದಿ ಬೆಳೆದವಳು. ಆದುದರಿಂದ ಈ ಅಪ್ಪಣೆಯನ್ನು ಮೀರುವದಕ್ಕೆ ನಮಗೆ ಮನಸ್ಸಾಗಲಿಲ್ಲ. ಆದರೆ ಅರಮನೆಗಳ ಎತ್ತರವನ್ನೂ ಗೋಪುರಗಳ ವಯಸ್ಸನ್ನೂ ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ನಾವು ಹೇಳಬೇಕೆಂದಿರುವದು ಬೇರೊಂದು ಸಂಗತಿ. ಆ ಪಟ್ಟಣಗಳು ಅಷ್ಟು ಅಂದವಾಗಿ ನಿಂತಿರುವದು ಯಾರ ಕೈಗಳಿಂದ, ಮತ್ತು ಅದನ್ನು ಕಂಡು ಬಂದ ಮೇಲೆ ಬಿಕರ್ನಕಟ್ಟೆಯ ನಮ್ಮ ಸಣ್ಣ ಮನೆಯ ವಿಷಯದಲ್ಲಿ ನಾವು ಏನನ್ನು ನಿಶ್ಚಯಿಸಿದೆವು ಎಂಬದೇ ಆ ಸಂಗತಿ.

ನಂತೂರಿನಿಂದ ಮೂಡಬಿದ್ರೆಗೆ ಹೋಗುವ ಹೆದ್ದಾರಿಯಲ್ಲಿ ಕುಲಶೇಖರವನ್ನು ಮುಟ್ಟುವ ಮೊದಲು ಸಿಕ್ಕುವ ಊರೇ ಬಿಕರ್ನಕಟ್ಟೆ ಎಂಬದು ವಾಚಕರಲ್ಲಿ ಅನೇಕರಿಗೆ ಗೊತ್ತುಂಟು. ಹೆದ್ದಾರಿಯಿಂದ ಒಳಗೆ ಇಳಿಯುವ ಒಂದು ಓಣಿಯ ಕೊನೆಯಲ್ಲಿ ನಮ್ಮ ಮನೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೆ ಅಂಗಳ, ಒಂದು ಬಾವಿ, ಹನ್ನೊಂದು ತೆಂಗಿನ ಮರಗಳು, ಇಷ್ಟೇ ನಮ್ಮ ಆಸ್ತಿ. ನಾವಿಬ್ಬರೂ ಅರುವತ್ತೈದನ್ನು ದಾಟಿದವರು. ಮಗಳು ಜರ್ಮನಿ ದೇಶದ ಸ್ಟುಟ್ಗಾರ್ಟ್ ಪಟ್ಟಣದಲ್ಲಿ ದಾದಿಯ ಕೆಲಸದಲ್ಲಿದ್ದಾಳೆ. ಸುತ್ತಲಿನ ಹಿತ್ತಿಲುಗಳಲ್ಲಿ ಒಂದೊಂದಾಗಿ ಬಹುಮಹಡಿಯ ಕಟ್ಟಡಗಳು ಏಳುತ್ತಿರುವಾಗ ನಮ್ಮ ಹಿತ್ತಿಲನ್ನೂ ಕೇಳಿಕೊಂಡು ಬಂದವರಿದ್ದರು. ಜಾಗವನ್ನು ಬಿಟ್ಟುಕೊಟ್ಟರೆ ಅದೇ ಕಟ್ಟಡದಲ್ಲಿ ನಮಗೊಂದು ವಾಸದ ಮನೆಯನ್ನೂ ಮೇಲೆ ಹಣವನ್ನೂ ಕೊಡುವದಾಗಿ ಅವರು ಹೇಳಿದರು. ಕ್ರಿಸ್ಮಸಿನ ಒಳಗೆ ಉತ್ತರ ತಿಳಿಸಬೇಕೆಂದೂ ಕೇಳಿಕೊಂಡರು. “ಅಪ್ಪಾ, ಅಮ್ಮಾ, ಆ ಅಂಗಳವನ್ನು ನೀವು ಇನ್ನೆಷ್ಟು ವರ್ಷ ಗುಡಿಸುತ್ತೀರಿ? ಬಿದ್ದು ಕಾಲು ಮುರಿದರೆ ಓಡಿ ಬರಲು ನಾನು ಹತ್ತಿರದಲ್ಲಿ ಇದ್ದೇನೆಯೇ?” ಎಂದು ಮಗಳು ದೂರವಾಣಿಯಲ್ಲಿ ಕೇಳುತ್ತಿದ್ದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹೀಗಿರಲಾಗಿ, ಬಂದು ಒಂದಷ್ಟು ದಿನ ತನ್ನೊಂದಿಗೆ ಇದ್ದು ಹೋಗಿರೆಂಬ ಅವಳ ಕರೆಗೆ ಓಗೊಟ್ಟು, ೨೦೨೩ನೆಯ ಸಪ್ಟಂಬರ ತಿಂಗಳ ಕೊನೆಯಲ್ಲಿ, ಆ ಉತ್ತರದ ಭಾರವನ್ನು ತಲೆಯಲ್ಲಿ ಹೊತ್ತುಕೊಂಡೇ ನಾವು ವಿಮಾನವನ್ನು ಹತ್ತಿದೆವು.

ಸ್ಟುಟ್ಗಾರ್ಟ್ ಪಟ್ಟಣವು ಬೋಗುಣಿಯಂಥ ಒಂದು ತಗ್ಗಿನಲ್ಲಿದೆ. ಸುತ್ತಲೂ ಗುಡ್ಡಗಳು, ಗುಡ್ಡಗಳ ಇಳಿಜಾರಿನಲ್ಲಿ, ಪಟ್ಟಣದ ನಡುವೆಯೇ, ದ್ರಾಕ್ಷೇತೋಟಗಳು. ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಇಳಿಯುವ ಕಲ್ಲುಮೆಟ್ಟಲ ಸಾಲುಗಳು ಅಲ್ಲಿ ನಾಲ್ಕು ನೂರಕ್ಕೂ ಹೆಚ್ಚಿವೆಯಂತೆ. ನಮ್ಮ ಮಗಳು ಇರುವದು ಆರು ಕುಟುಂಬಗಳ ವಾಸವಿರುವ ಒಂದು ಮೂರಂತಸ್ತಿನ ಮನೆಯಲ್ಲಿ. ನಾವು ಹೋದ ಮರುದಿನ ಬೆಳಿಗ್ಗೆ ಬಾಗಿಲನ್ನು ತೆರೆದಾಗ ಹಿಡಿಕೆಗೆ ಒಂದು ಸಣ್ಣ ಹಲಗೆಯು ತೂಗುತ್ತಿತ್ತು. ಇದೇನೆಂದು ಕೇಳಿದ್ದಕ್ಕೆ ಮಗಳು ನಕ್ಕು, “ಈ ವಾರ ನಮ್ಮ ಕೇರ್‌ವೋಖೆ” ಎಂದಳು. ಆ ಮಾತಿಗೆ ಗುಡಿಸುವ ವಾರ ಎಂದು ಅರ್ಥ. ಆ ಸೀಮೆಯಲ್ಲಿ ಒಂದೇ ಕಟ್ಟಡದಲ್ಲಿರುವ ಒಕ್ಕಲುಗಳು ಸರದಿಯ ಮೇಲೆ ವಾರಕ್ಕೊಬ್ಬರಂತೆ ಮೆಟ್ಟಲುಗಳನ್ನು ಗುಡಿಸಿ ಒರಸಬೇಕು. ಇದರಲ್ಲಿ ಸಣ್ಣ ಸರದಿ, ದೊಡ್ಡ ಸರದಿ ಎಂದು ಎರಡು ವಿಧ. ತನ್ನ ಅಂತಸ್ತಿನ ಮೆಟ್ಟಲುಗಳಷ್ಟೇ ಸಣ್ಣ ಸರದಿಗೆ ಸೇರಿದವುಗಳು. ದೊಡ್ಡ ಸರದಿಯಲ್ಲಿ ನೆಲಮನೆ, ಹಿತ್ತಿಲು, ಮನೆಯ ಮುಂದಿನ ಕಾಲುದಾರಿ ಎಲ್ಲವೂ ಬರುತ್ತವೆ. ವಾರವು ಮುಗಿದ ಮೇಲೆ ಹಲಗೆಯನ್ನು ಮುಂದಿನವರ ಬಾಗಿಲಿಗೆ ತೂಗಹಾಕಿದರೆ ಆಯಿತು. ಯಾರೂ ಯಾರಿಗೂ ಜ್ಞಾಪಿಸಬೇಕಾಗಿಲ್ಲ, ಹಲಗೆಯೇ ಜ್ಞಾಪಿಸುತ್ತದೆ.

ಈ ಪದ್ಧತಿಗೆ ಆ ಊರಲ್ಲಿ ಬಹು ಹಳೆಯ ಬೇರುಗಳಿವೆ. ಪ್ರತಿಯೊಬ್ಬನೂ ತನ್ನ ಕಸವನ್ನು ವಾರಕ್ಕೊಮ್ಮೆ ಹೊರಗೆ ಸಾಗಿಸಿ ಪಟ್ಟಣವನ್ನು ಶುದ್ಧವಾಗಿಡಬೇಕೆಂದು ೧೪೯೨ನೆಯ ಇಸವಿಯ ಊರಕಟ್ಟಳೆಯಲ್ಲಿಯೇ ವಿಧಿಸಿದ್ದರು. ೧೭೧೪ರಲ್ಲಿ ಅಲ್ಲಿಯ ಅರಸನು ಬೀದಿಗಳನ್ನು ಗುಡಿಸುವದಕ್ಕೆಂದೇ ಒಂದು ಪ್ರತ್ಯೇಕ ಆಜ್ಞೆಯನ್ನು ಹೊರಡಿಸಿದನು. ಈಗ ಅದು ಹೆಚ್ಚಾಗಿ ಬಾಡಿಗೆಯ ಕರಾರಿನ ಮಾತಾಗಿ ಉಳಿದುಕೊಂಡಿದೆ. ಬೇರೆ ಸೀಮೆಯ ಜರ್ಮನರು ಇದನ್ನು ಕುರಿತು ಪರಿಹಾಸ್ಯ ಮಾಡುವದುಂಟು. ನಮಗಾದರೋ ನಗು ಬರಲಿಲ್ಲ. ನಮ್ಮಲ್ಲಿ ಶಾಲೆಯ ವಿದ್ಯಾರ್ಥಿನಿಯಾಗಿದ್ದವಳಿಗೆ ಒಡನೆ ನೆನಪಿಗೆ ಬಂದುದು ನಮ್ಮ ತರಗತಿಯ ಗೋಡೆಯ ಮೇಲಿನ ಸರದಿಯ ಪಟ್ಟಿ. ಸೋಮವಾರ ಇಂಥವರು ಗುಡಿಸತಕ್ಕದ್ದು, ಮಂಗಳವಾರ ಇಂಥವರು ಹಲಗೆ ಒರಸತಕ್ಕದ್ದು, ಬುಧವಾರ ಇಂಥವರು ಹೂಗಿಡಗಳಿಗೆ ನೀರು ಹಾಕತಕ್ಕದ್ದು ಎಂದು ಅದರಲ್ಲಿ ಬರೆದಿರುತ್ತಿತ್ತು. ಯಾರ ತಂದೆ ಸಿರಿವಂತನೋ ಯಾರ ತಾಯಿ ಹೆಂಚಿನ ಕಾರ್ಖಾನೆಗೆ ಕೂಲಿಗೆ ಹೋಗುವವಳೋ ಪಟ್ಟಿಗೆ ಅದು ಲಕ್ಷ್ಯವಿರಲಿಲ್ಲ. ಹಿಡಿಸೂಡಿಯು ಎಲ್ಲರ ಕೈಗೂ ಬರುತ್ತಿತ್ತು. ಹಳೇ ವಿದ್ಯಾರ್ಥಿನಿಯರಾದ ನೀವೂ ಅದನ್ನು ಮರೆತಿರಲಾರಿರಿ.

ನಾವು ಹೋದ ಕಾಲದಲ್ಲಿ ಅದೇ ಪಟ್ಟಣದ ಕಾನ್‌ಷ್ಟಾಟ್ ಎಂಬ ಭಾಗದಲ್ಲಿ ದೊಡ್ಡ ಜಾತ್ರೆಯು ನಡೆಯುತ್ತಿತ್ತು. ತಿರುಗುಯಂತ್ರಗಳೂ ತಿನಿಸಿನ ಗುಡಾರಗಳೂ ಜನಸಂದಣಿಯೂ ತುಂಬಿದ ಬಯಲಿನ ನಡುವೆ ಕಾಯಿ ಹಣ್ಣು ತೆನೆಗಳಿಂದ ಸಿಂಗರಿಸಿದ ಒಂದು ಎತ್ತರವಾದ ಕಂಬವಿದೆ. ಅದರ ಕಥೆಯನ್ನು ಕೇಳಿದ ಮೇಲೆ ಜಾತ್ರೆಯ ಗದ್ದಲವು ನಮಗೆ ಬೇರೆಯಾಗಿ ಕೇಳಿಸತೊಡಗಿತು. ೧೮೧೫ರಲ್ಲಿ ಈಗಿನ ಇಂಡೊನೇಶ್ಯದ ತಂಬೋರಾ ಎಂಬ ಅಗ್ನಿಪರ್ವತವು ಸಿಡಿದು ಅದರ ಧೂಳು ಆಕಾಶವನ್ನು ಕವಿದುದರಿಂದ ಮರುವರ್ಷ ಯೂರೋಪಿನಲ್ಲಿ ಬೇಸಗೆಯೇ ಬರಲಿಲ್ಲ. ಬೆಳೆಗಳು ಹೊಲದಲ್ಲಿಯೇ ಕೊಳೆತುವು. ವುರ್ಟೆಂಬೆರ್ಗ್ ಸೀಮೆಯಲ್ಲಿ ಘೋರವಾದ ಕ್ಷಾಮವಾಗಿ ಎಷ್ಟೋ ಜನರು ದೇಶವನ್ನೇ ಬಿಟ್ಟು ಹೋದರು. ಕ್ಷಾಮವು ಕಳೆದ ಮೇಲೆ ವ್ಯವಸಾಯಗಾರರಿಗೆ ಧೈರ್ಯವನ್ನು ತುಂಬಬೇಕೆಂದು ಅರಸನಾದ ವಿಲ್ಹೆಲ್ಮನು ೧೮೧೮ರಲ್ಲಿ ಈ ಬೆಳೆಯ ಹಬ್ಬವನ್ನು ಆರಂಭಿಸಿದನು. ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಮಿಶನ್ ಸ್ಥಾಪಿತವಾದುದೂ ಅದೇ ೧೮೧೫ರಲ್ಲಿ. ೧೮೩೪ರಲ್ಲಿ ನಮ್ಮ ಊರಿಗೆ ಬಂದ ಸಾಮ್ಯುವೆಲ್ ಹೆಬಿಕರು ೧೮೦೩ರಲ್ಲಿ ಆ ಸೀಮೆಯಲ್ಲಿ ಹುಟ್ಟಿದವರು. ‘ಮಂಗಳೂರ ಸಮಾಚಾರ’ವನ್ನು ೧೮೪೩ರಲ್ಲಿ ಹೊರಡಿಸಿದ ಹೆರ್ಮನ್ ಮೊಗ್ಲಿಂಗರು ೧೮೧೧ರಲ್ಲಿಯೂ, ಮಲೆಯಾಳ ನಿಘಂಟಿನ ಗುಂಡರ್ಟರು ೧೮೧೪ರಲ್ಲಿ ಇದೇ ಸ್ಟುಟ್ಗಾರ್ಟಿನಲ್ಲಿಯೂ ಹುಟ್ಟಿದವರು. ನಮ್ಮ ನಾಡಿಗೆ ಅಕ್ಷರವನ್ನೂ ಅಚ್ಚನ್ನೂ ತಂದ ಇವರೆಲ್ಲರೂ ಆ ಕ್ಷಾಮದ ಕಾಲದಲ್ಲಿ ಮಕ್ಕಳಾಗಿದ್ದವರು. ಊಟದ ತಟ್ಟೆಯಲ್ಲಿ ಒಂದು ತುಣುಕನ್ನೂ ಬಿಡಬಾರದೆಂದು ನಮ್ಮ ಹಿರಿಯರು ಗದರಿಸುತ್ತಿದ್ದಾಗ ಅವರ ಗುರುಗಳ ಗುರುಗಳ ಹಸಿವೂ ಆ ಮಾತಿನಲ್ಲಿ ಸೇರಿತ್ತೋ ಏನೋ!

ಅಕ್ಟೋಬರ ತಿಂಗಳ ಮೊದಲನೆಯ ಭಾನುವಾರ ಅಲ್ಲಿಯ ದೇವಾಲಯಗಳಲ್ಲಿ ಬೆಳೆಗಾಗಿ ಉಪಕಾರಸ್ತುತಿಯನ್ನು ಸಲ್ಲಿಸುತ್ತಾರೆ. ವೇದಿಯ ಮುಂದೆ ಕುಂಬಳಕಾಯಿ, ಸೇಬು, ಗೋದಿಯ ತೆನೆ, ರೊಟ್ಟಿ ಇವುಗಳನ್ನು ಅಣಿಮಾಡಿದ್ದರು. ಕೆಲವೇ ವಾರಗಳ ಹಿಂದೆ, ಸಪ್ಟಂಬರ ೮ರ ಮೋಂತಿ ಹಬ್ಬದಲ್ಲಿ, ನಮ್ಮ ನೆರೆಯ ಕಥೋಲಿಕರು ಹೊಸ ಭತ್ತದ ತೆನೆಯನ್ನು ಮೆರವಣಿಗೆಯಲ್ಲಿ ಮನೆಗೆ ತಂದು, ಅದರ ಕಾಳುಗಳನ್ನು ಸುಲಿದು ಪಾಯಸಕ್ಕೆ ಬೆರಸಿ ನಮಗೂ ಒಂದು ಲೋಟ ಕಳುಹಿಸಿದ್ದರು. ನಮ್ಮ ಸಭೆಯಲ್ಲಿ ಬೆಳೆಹಬ್ಬದ ದಿನ ಬಾಳೆಗೊನೆ ತೆಂಗಿನಕಾಯಿಗಳನ್ನು ಏಲಂ ಹಾಕುವದೂ ನೆನಪಿಗೆ ಬಂತು. ಬೆಳೆಗಳು ಬೇರೆ, ಕೃತಜ್ಞತೆ ಒಂದೇ.

ಆದರೆ ಶರತ್ಕಾಲದ ಮನೆಗೆಲಸಗಳಲ್ಲಿ ಮಾತ್ರ ಆ ದೇಶಕ್ಕೂ ನಮ್ಮ ದೇಶಕ್ಕೂ ಒಂದು ದೊಡ್ಡ ವ್ಯತ್ಯಾಸವನ್ನು ಕಂಡೆವು. ಅಲ್ಲಿ ಆ ಕಾಲದಲ್ಲಿ ಎಲೆಗಳು ಹಳದಿಯಾಗಿ ಕೆಂಪಾಗಿ ಉದುರುತ್ತವೆ. ಮನೆಯವರು ಅವನ್ನು ಕುಂಟೆಯಿಂದ ಬಾಚಿ ರಾಶಿಮಾಡುತ್ತಾರೆ. ಕಿಟಕಿಯ ಹೊರಗಿನ ಹೂಕುಂಡಗಳನ್ನು ಒಳಕ್ಕೆ ತರುತ್ತಾರೆ. ತೋಟದ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯದಂತೆ ನೀರನ್ನೆಲ್ಲ ಬಸಿದುಬಿಡುತ್ತಾರೆ. ಸೌದೆಯನ್ನು ಒಟ್ಟುತ್ತಾರೆ; ಸೇಬುಗಳನ್ನು ನೆಲಮನೆಯಲ್ಲಿ ಹರವುತ್ತಾರೆ. ಮುಂಬರುವ ಚಳಿಗೆ ಅದು ಮನೆಯನ್ನು ಮುಚ್ಚುವ ಕಾಲ. ನಮ್ಮ ತುಳುನಾಡಿನಲ್ಲಾದರೋ ಶರದೃತುವು ಮನೆಯನ್ನು ತೆರೆಯುವ ಕಾಲ. ಸ್ಟುಟ್ಗಾರ್ಟಿನಲ್ಲಿ ಇಡೀ ವರ್ಷಕ್ಕೆ ಬೀಳುವದು ಸುಮಾರು ಏಳುನೂರು ಮಿಲ್ಲಿಮೀಟರ್ ಮಳೆ. ಮಂಗಳೂರಿನಲ್ಲಿ ಅದರ ನಾಲ್ಕು ಪಾಲಿಗೂ ಮಿಕ್ಕಿ, ಅದೂ ಹೆಚ್ಚಿನ ಅಂಶವು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಆ ಮಳೆಯ ಕೆಳಗೆ ಬಾಗಿಲು ಮುಚ್ಚಿಕೊಂಡಿದ್ದ ಮನೆಯು ಆಶ್ವೀಜ ಕಾರ್ತಿಕಗಳ ಬಿಸಿಲಿಗೆ ಕಣ್ಣುಬಿಡಬೇಕು. ಅಲ್ಲಿ ಮಗಳ ಮನೆಯ ಮುಂದೆ ಎಲೆಗಳನ್ನು ಬಾಚುತ್ತಿದ್ದಾಗಲೂ ನಮ್ಮ ಅಂಗಳದ ಪಾಚಿಯೂ ಬಾವಿಕಟ್ಟೆಯ ಕಳೆಯೂ ನಮ್ಮ ಕಣ್ಣಿಗೆ ಕಟ್ಟುತ್ತಿದ್ದುವು.

ಅಕ್ಟೋಬರದ ನಡುವೆ ಮಗಳಿಗೆ ರಜೆ ಸಿಕ್ಕಿದಾಗ ಮೂವರೂ ರೈಲುಗಾಡಿಯಲ್ಲಿ ಪ್ರಾಗ್ ಪಟ್ಟಣಕ್ಕೆ ಹೋದೆವು. ಬಿಕರ್ನಕಟ್ಟೆಯವರಾದ ನಮಗೆ ಆ ಪಟ್ಟಣದ ಮೇಲೆ ಒಂದು ವಿಶೇಷವಾದ ಅಕ್ಕರೆಯುಂಟು. ಕಾರ್ಮೆಲ್ ಗುಡ್ಡದ ಬಾಲಯೇಸುವಿನ ಪುಣ್ಯಕ್ಷೇತ್ರವು ನಮ್ಮ ಊರಿನ ಗುರುತೇ ಆಗಿದೆ. ಪ್ರತಿ ವರ್ಷ ಜನವರಿ ೧೪ರ ಹಬ್ಬಕ್ಕೆ ಜಾತಿಮತಗಳ ಭೇದವಿಲ್ಲದೆ ಜನರು ಅಲ್ಲಿ ಸೇರುತ್ತಾರೆ. ನಾವು ಪ್ರೊಟೆಸ್ಟಂಟ್ ಸಭೆಯವರಾದರೂ ಆ ಗುಡ್ಡದ ಗಂಟೆಯು ನಮ್ಮ ಮನೆಯ ಗಡಿಯಾರವೇ ಆಗಿದೆ. ಆ ಬಾಲಯೇಸುವಿನ ಮೂಲಪ್ರತಿಮೆಯು ಇರುವದು ಪ್ರಾಗಿನ ಕಾರ್ಮೆಲಿತ ಬೀದಿಯ ಜಯಮಾತೆಯ ದೇವಾಲಯದಲ್ಲಿ.

ದೊಡ್ಡದೊಂದು ವಿಗ್ರಹವಿರಬಹುದೆಂದು ಎಣಿಸಿ ಹೋದ ನಮಗೆ ಅದರ ಸಣ್ಣತನವೇ ಆಶ್ಚರ್ಯವಾಯಿತು. ಮರದ ಮೇಲೆ ಮೇಣವನ್ನು ಲೇಪಿಸಿದ ಆ ಪ್ರತಿಮೆಯ ಎತ್ತರವು ೪೭ ಸೆಂಟಿಮೀಟರ್ ಮಾತ್ರ; ನಮ್ಮ ಮೊಳಕೈಯಷ್ಟು. ಸ್ಪೇನಿನಿಂದ ಬಂದ ಅದನ್ನು ಲೋಬ್ಕೋವಿಟ್ಸ್ ಮನೆತನದ ಪೊಲಿಕ್ಸೇನಾ ಎಂಬ ಮಹಿಳೆಯು ೧೬೨೮ರಲ್ಲಿ ಕಾರ್ಮೆಲಿತ ಸಂನ್ಯಾಸಿಗಳಿಗೆ ದಾನಮಾಡಿದಳು. ಆ ದೇವಾಲಯವನ್ನು ಮೊದಲು ಕಟ್ಟಿದವರಾದರೋ ಜರ್ಮನ್ ಲೂಥೆರನರು. ಕಾರ್ಮೆಲಿತರಿಗೆ ಅದು ಸೇರಿದುದು ೧೬೨೪ರಲ್ಲಿ. ೧೬೩೧ರಲ್ಲಿ ಸ್ಯಾಕ್ಸನಿಯ ಸೈನ್ಯವು ಪಟ್ಟಣವನ್ನು ಹಿಡಿದಾಗ ಮಠವು ಸೂರೆಯಾಯಿತು. ಪ್ರತಿಮೆಯು ಕೈಗಳು ಮುರಿದು ಕಸದಲ್ಲಿ ಬಿದ್ದಿತ್ತು. ಕೆಲವು ವರ್ಷಗಳ ಮೇಲೆ ಸಿರಿಲ್ಲುಸ್ ಎಂಬ ಸಂನ್ಯಾಸಿಯು ಅದನ್ನು ಹುಡುಕಿ ತೆಗೆದು ಸರಿಮಾಡಿಸಿದನು. ೧೭೮೪ರಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಮಠವೇ ಮುಚ್ಚಿಹೋಗಿ ಕಾರ್ಮೆಲಿತರು ತೆರಳಿದರು. ಅವರು ಪುನಃ ಬಂದುದು ೧೯೯೩ರಲ್ಲಿ. ನಡುವಿನ ಇನ್ನೂರು ವರ್ಷ ಬೇರೆ ಕೈಗಳು ಆ ಮೊಳದುದ್ದದ ಮೇಣದ ರೂಪವನ್ನು ಧೂಳಿಗೂ ಯುದ್ಧಕ್ಕೂ ಬಿಡದೆ ಕಾಪಾಡಿದುವು. ಸಭೆಯ ಕಾಲಕ್ಕೆ ತಕ್ಕ ಬಣ್ಣದ ಉಡುಪನ್ನು ತೊಡಿಸುವ ಕೆಲಸವನ್ನು ಈಗ ಕನ್ಯಾಸ್ತ್ರೀಯರು ಮಾಡುತ್ತಾರೆ. ಮಾಳಿಗೆಯಲ್ಲಿ ಹಳೆಯ ಉಡುಪುಗಳನ್ನು ಇಟ್ಟಿದ್ದಾರೆ. ೧೭೪೩ರಲ್ಲಿ ಮಾರಿಯಾ ತೆರೇಸಾ ಮಹಾರಾಣಿಯು ಕೊಟ್ಟ ಉಡುಪೂ ಅವುಗಳಲ್ಲಿ ಒಂದು. ನಾವು ಮೂವರೂ ಆ ಕಸೂತಿಯ ಮುಂದೆ ಬಹಳ ಹೊತ್ತು ನಿಂತೆವು. ರಾಣಿಯ ಹೆಸರು ಉಳಿದಿದೆ. ಅಂದಿನಿಂದ ಆ ಬಟ್ಟೆಗೆ ಹುಳ ಹಿಡಿಯದಂತೆ ಬಿಚ್ಚಿ ಬೀಸಿ ಮಡಚಿ ಇಟ್ಟವರ ಹೆಸರುಗಳು ಎಲ್ಲಿಯೂ ಬರೆದಿಲ್ಲ.

ಅಲ್ಲಿಂದ ಹಿಂದಿರುಗಿದ ಮೇಲೆ ಮಗಳು ಕೆಲಸಕ್ಕೆ ಹೋದ ಒಂದು ದಿನ ನಾವಿಬ್ಬರೇ ಟ್ಯೂಬಿಂಗೆನ್ ಎಂಬ ಸಣ್ಣ ಪಟ್ಟಣವನ್ನು ನೋಡಿಬಂದೆವು. ಕನ್ನಡ ಓದುವವರು ಆ ಊರಿಗೆ ಒಮ್ಮೆಯಾದರೂ ತಲೆಬಾಗಬೇಕು. ಮೊಗ್ಲಿಂಗರೂ ಗುಂಡರ್ಟರೂ ವಿದ್ಯಾಭ್ಯಾಸ ಮಾಡಿದುದು ಅಲ್ಲಿ. ೧೮೯೪ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚುಮಾಡಿಸಿದ ಫೆರ್ಡಿನೆಂಡ್ ಕಿಟ್ಟೆಲರಿಗೆ ಪಂಡಿತ ಪದವಿಯನ್ನು ಕೊಟ್ಟು ಗೌರವಿಸಿದುದು ಅಲ್ಲಿಯ ವಿಶ್ವವಿದ್ಯಾಲಯ. ಅವರು ೧೯೦೩ರಲ್ಲಿ ಕಣ್ಣುಮುಚ್ಚಿದುದೂ ಅಲ್ಲಿಯೇ. ಊರ ಸ್ಮಶಾನದಲ್ಲಿ ನಡೆಯುತ್ತಿದ್ದಾಗ ಮೊಣಕಾಲೂರಿ ಕುಳಿತು ಒಂದು ಸಮಾಧಿಯ ಮೇಲಿನ ಒಣಗಿದ ಗಿಡಗಳನ್ನು ಕೀಳುತ್ತಿದ್ದ ಒಬ್ಬ ವೃದ್ಧ ಸ್ತ್ರೀಯನ್ನು ಕಂಡೆವು. ನವೆಂಬರದಲ್ಲಿ ಮೃತರ ನೆನಪಿನ ದಿನಗಳು ಬರುವ ಮೊದಲು ಸಮಾಧಿಗಳನ್ನು ಚೊಕ್ಕಮಾಡಿ, ಚಳಿಗೆ ಬಾಡದ ಗಿಡಗಳನ್ನು ನೆಟ್ಟು, ಮೇಲೆ ಪೀತದಾರುವಿನ ಹಸುರು ಟೊಂಗೆಗಳನ್ನು ಹೊದಿಸುವದು ಅಲ್ಲಿಯ ವಾಡಿಕೆ. ತನ್ನ ಗಂಡನ ಸಮಾಧಿಯನ್ನು ಮುಗಿಸಿದ ಮೇಲೆ ಆಕೆಯು ಪಕ್ಕದ ಸಮಾಧಿಯ ಎಲೆಗಳನ್ನೂ ಬಾಚಿದಳು. ಅದು ಯಾರದೆಂದು ನಾವು ಸನ್ನೆಯಿಂದಲೂ ಹರುಕು ಇಂಗ್ಲಿಷಿನಿಂದಲೂ ಕೇಳಿದೆವು. ಅವರ ಮಕ್ಕಳು ದೂರದೇಶದಲ್ಲಿದ್ದಾರೆ ಎಂಬದೇ ಅವಳ ಉತ್ತರ. ಆ ಮಾತು ನಮ್ಮಿಬ್ಬರ ಎದೆಗೂ ತಾಕಿತು. ಹಿಂದಿರುಗುವ ಗಾಡಿಯಲ್ಲಿ ನಾವು ಹೆಚ್ಚು ಮಾತಾಡಲಿಲ್ಲ.

ಅಕ್ಟೋಬರ ೨೮ರ ಶನಿವಾರ ನಾವು ಬಾಸೆಲಿನಲ್ಲಿದ್ದೆವು. ಆ ದಿನವನ್ನು ಬೇಕೆಂದೇ ಆರಿಸಿದ್ದೆವು. ಚಕ್ರವರ್ತಿಯಾದ ಮೂರನೆಯ ಫ್ರೆಡರಿಕನು ೧೪೭೧ರಲ್ಲಿ ಕೊಟ್ಟ ಅಪ್ಪಣೆಯ ಮೇಲೆ ಆ ಪಟ್ಟಣದಲ್ಲಿ ಶರತ್ಕಾಲದ ಸಂತೆಯು ನಡೆಯುತ್ತ ಬಂದಿದೆ. ಅಕ್ಟೋಬರ ೩೦ರ ಹಿಂದಿನ ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಸಂತ ಮಾರ್ಟಿನನ ದೇವಾಲಯದ ಗಂಟೆಯನ್ನು ಬಾರಿಸಿದಲ್ಲದೆ ಸಂತೆಯು ತೆರೆಯುವದಿಲ್ಲ. ಗಂಟೆ ಬಾರಿಸುವವನಿಗೆ ಕೊಡುವ ಸಂಬಳವೇನು ಗೊತ್ತೇ? ಒಂದು ಜೊತೆ ಕೈಚೀಲ. ಅದೂ ಒಮ್ಮೆಲೇ ಅಲ್ಲ. ಸಂತೆಯನ್ನು ಬಾರಿಸಿ ತೆರೆದ ದಿನ ಎಡಗೈಯದು. ಬಾರಿಸಿ ಮುಚ್ಚಿದ ದಿನ ಬಲಗೈಯದು. ಕೆಲಸವನ್ನು ಆರಂಭಿಸಿದವನು ಮುಗಿಸದೆ ಹೋದರೆ ಅವನಲ್ಲಿ ಉಳಿಯುವದು ಒಂಟಿ ಕೈಚೀಲ! ಗೋಪುರದ ಮೇಲಿಂದ ಎಡಗೈಯ ಕೈಚೀಲವನ್ನು ಜನರಿಗೆ ಬೀಸಿ ತೋರಿಸಿದಾಗ ನಾವೂ ಮಕ್ಕಳಂತೆ ಚಪ್ಪಾಳೆ ತಟ್ಟಿದೆವು. ಪೇತ್ರನ ದೇವಾಲಯದ ಬಳಿಯ ಬಯಲಿನಲ್ಲಿ ಮಣ್ಣಿನ ಪಾತ್ರೆಗಳ ಸಾಲು ಅಂಗಡಿಗಳಿದ್ದುವು; ಅಲ್ಲಿ ಒಂದು ಸಣ್ಣ ಉಪ್ಪಿನ ಪಾತ್ರೆಯನ್ನು ಕೊಂಡುಕೊಂಡೆವು. ಆ ರಾತ್ರಿ ಕಳೆದು ಬೆಳಗಾಗುವದರೊಳಗೆ ಆ ದೇಶದವರೆಲ್ಲ ಗಡಿಯಾರಗಳನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿದರು. ಅದೂ ಅಲ್ಲಿಯ ಶರತ್ಕಾಲದ ಮನೆಗೆಲಸಗಳಲ್ಲಿ ಒಂದು.

ಸಂತೆಯ ಹಿಂದಿನ ದಿನವೇ ಮಿಶನ್ ಬೀದಿಯಲ್ಲಿರುವ ಮಿಶನಿನ ದೊಡ್ಡ ಮನೆಗೆ ಹೋಗಿದ್ದೆವು. ೧೮೬೦ರಲ್ಲಿ ಪೂರ್ಣವಾದ ಆ ಮನೆಯ ದಫ್ತರಖಾನೆಯಲ್ಲಿ ನಮ್ಮ ಕರಾವಳಿಯ ಹಳೆಯ ಕಾಗದಪತ್ರಗಳೂ ಛಾಯಾಚಿತ್ರಗಳೂ ಭದ್ರವಾಗಿವೆ. ಜಗಲಿಯಲ್ಲಿ ಸಾಲಾಗಿ ಕುಳಿತು ಹೊಲಿಯುತ್ತಿರುವ ನಮ್ಮ ನಾಡಿನ ಹುಡುಗಿಯರ ಒಂದು ಚಿತ್ರವನ್ನು ತೋರಿಸಿದರು. ಹುಡುಗಿಯರ ಹೆಸರುಗಳು ಬರೆದಿರಲಿಲ್ಲ. ಆದರೆ ಅವರ ತಲೆಯ ಮೇಲಿನ ಮಾಡಿನ ಹೆಂಚನ್ನು ನಾವು ಒಡನೆ ಗುರುತಿಸಿದೆವು. ೧೮೬೫ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಸ್ಥಾಪಿಸಿದ ಮಿಶನ್ ಕಾರ್ಖಾನೆಯಿಂದ ನಾಡಿಗೆಲ್ಲ ಹಬ್ಬಿದ ಹೆಂಚು ಅದು. ಹೀಗೆ ಒಂದಕ್ಕೊಂದು ಕಚ್ಚಿಕೊಂಡು ಕೂಡುವ ಹೆಂಚಿಗೆ ಜಿಲಾರ್ಡೋನಿ ಎಂಬ ಸಹೋದರರು ೧೮೪೧ರಲ್ಲಿ ಸರಕಾರದ ಹಕ್ಕುಪತ್ರವನ್ನು ಪಡೆದುದು ಬಾಸೆಲಿಗೆ ಹತ್ತಿರವಿರುವ ಆಲ್ಸಾಸ್ ಸೀಮೆಯ ಆಲ್ಟ್‌ಕಿರ್ಖ್ ಎಂಬ ಊರಿನಲ್ಲಿ. ಅದಕ್ಕೆ ಮೊದಲು ಆ ಸೀಮೆಗಳಲ್ಲಿ ಬಳಕೆಯಲ್ಲಿದ್ದುದು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಮಲಗಿಸುವ ಚಪ್ಪಟೆ ಹೆಂಚು. ಟ್ಯೂಬಿಂಗೆನಿನ ಹಳೆಯ ಮನೆಗಳ ಮೇಲೆ ಅವನ್ನು ಕಂಡಿದ್ದೆವು. ಕಚ್ಚುಹೆಂಚಾದರೆ ಕಡಿಮೆ ಸಾಲುಗಳು ಸಾಕು, ಮಾಡಿನ ಭಾರವೂ ಕಡಿಮೆ. ಒಂದು ಒಡೆದರೆ ಅದೊಂದನ್ನೇ ಎತ್ತಿ ಬೇರೊಂದನ್ನು ಇಡಬಹುದು. ಹೊರಗಿನವರ ಉಪಾಯ, ನಮ್ಮ ಹೊಳೆಯ ಜೇಡಿ, ನಮ್ಮ ಹೆಣ್ಣುಗಂಡುಗಳ ಬೆವರು, ಈ ಮೂರೂ ಕೂಡಿ ಮಂಗಳೂರು ಹೆಂಚಾಯಿತು.

ನವೆಂಬರದ ಮೊದಲ ವಾರದಲ್ಲಿ ನಾವು ಊರಿಗೆ ಮುಟ್ಟಿದೆವು. ತುಳುವರ ಲೆಕ್ಕದಲ್ಲಿ ಅದು ಬೊಂತೆಲ್ ತಿಂಗಳು. ಆರು ವಾರ ಮನುಷ್ಯರ ಸುಳಿವಿಲ್ಲದ ಹಿತ್ತಿಲಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಅಂಗಳದ ಪಾಚಿಯು ಮೇಲೆ ಒಣಗಿ ಒಳಗೆ ಜಾರುತ್ತಿತ್ತು. ಕಪಾಟಿನ ಪುಸ್ತಕಗಳಿಗೂ ಮದುವೆಯ ಕಾಲದ ಸೀರೆಗೂ ಬೂಷ್ಟು ಹಿಡಿದಿತ್ತು. ಇವೆಲ್ಲಕ್ಕಿಂತ ದೊಡ್ಡ ಅನಾಹುತವೆಂದರೆ, ಅಡಿಗೆಮನೆಯ ಮಾಡಿನ ಮೇಲೆ ತೆಂಗಿನಕಾಯಿ ಬಿದ್ದು ನಾಲ್ಕು ಹೆಂಚುಗಳು ಒಡೆದು, ಕಾರ್ತಿಕದ ಗುಡುಗುಮಳೆಯ ನೀರು ಒಳಗಿಳಿದು, ಎರಡು ಪಕ್ಕಾಸುಗಳು ಕುಂಬಾಗಿದ್ದುವು. ದೂರವಾಣಿಯಲ್ಲಿ ಮಗಳಿಗೆ ಇದನ್ನು ತಿಳಿಸಿದಾಗ ಅವಳು ಏನೂ ಅನ್ನಲಿಲ್ಲ. ಅವಳು ಏನನ್ನು ಅನ್ನದೆ ಬಿಟ್ಟಳೋ ಅದು ನಮಗೆ ಕೇಳಿಸಿತು.

ಕೆಲಸಗಳನ್ನು ಒಂದೊಂದಾಗಿ ಹಿಡಿದೆವು. ಮೊದಲನೆಯದು ಮಾಡು. ಹೆಂಚು ಇಡಬಲ್ಲವರು ಈಗ ಸಿಕ್ಕುವದು ಕಷ್ಟ. ಎಂಟು ದಿನ ಕಾಯಿಸಿ ಕುಡುಪುವಿನ ಕಡೆಯಿಂದ ಒಬ್ಬ ವೃದ್ಧನು ತನ್ನ ಮೊಮ್ಮಗನೊಂದಿಗೆ ಬಂದನು. “ಬಾಯಮ್ಮಾ, ಈ ಹೆಂಚಿಗೆ ನಿಮಗಿಂತ ನನಗಿಂತ ಪ್ರಾಯ ಹೆಚ್ಚು, ಒಡೆದದ್ದು ನಾಲ್ಕೇ. ಮರ ಬದಲಿಸಿದರೆ ಇನ್ನೂ ಒಂದು ತಲೆಮಾರು ಬಾಳುತ್ತದೆ” ಎಂದು ಹೇಳಿ, ತಾನು ಕೆಳಗೆ ನಿಂತು ಮೊಮ್ಮಗನನ್ನು ಮೇಲಕ್ಕೆ ಹತ್ತಿಸಿ, ಎಲ್ಲಿ ಕಾಲಿಡಬೇಕು ಎಲ್ಲಿ ಇಡಬಾರದು ಎಂದು ಕೂಗಿ ಕೂಗಿ ಕಲಿಸಿದನು. ಆಮೇಲೆ ತೆಂಗಿನ ಬುಡಗಳನ್ನು ಬಿಡಿಸಿ ಸೊಪ್ಪು ಬೂದಿ ಗೊಬ್ಬರಗಳನ್ನು ತುಂಬಿಸಿದೆವು. ಬಾವಿಕಟ್ಟೆಯ ಬಿರುಕುಗಳಲ್ಲಿ ಬೇರುಬಿಟ್ಟ ಅಶ್ವತ್ಥದ ಸಸಿಗಳನ್ನು ಕಿತ್ತೆವು. ಹಾಸಿಗೆ ಪುಸ್ತಕ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹರವಿದೆವು. ಮಳೆಗಾಲಕ್ಕೆ ಜಗಲಿಗೆ ಕಟ್ಟಿದ್ದ ಮಡಲಿನ ತಟ್ಟಿಯನ್ನು ಬಿಚ್ಚಿದಾಗ ಒಳಗೆ ಬಿದ್ದ ಬೆಳಕು ಒಂದು ಹಬ್ಬದಂತಿತ್ತು. ಆದರೆ ಅಂಗಳದ ಪಾಚಿಯನ್ನು ಕೆರೆದು ಮುಗಿಸುವಾಗ ನಮ್ಮಲ್ಲೊಬ್ಬರ ಸೊಂಟವು ಹಿಡಿದುಕೊಂಡು ಮೂರು ದಿನ ಮಲಗುವಂತಾಯಿತು. ಗೇಟಿನಿಂದ ಹೆದ್ದಾರಿಯವರೆಗಿನ ಓಣಿಯ ಕೆಲಸವು ಹಾಗೆಯೇ ಉಳಿಯಿತು. ಆ ಓಣಿಯಲ್ಲಿ ಐದು ಮನೆಗಳವರ ತಿರುಗಾಟವುಂಟು. ಆದರೆ ಅದು ಯಾರದೂ ಅಲ್ಲವಾದುದರಿಂದ ಎಷ್ಟೋ ವರ್ಷಗಳಿಂದ ನಾವೇ ಗುಡಿಸುತ್ತಿದ್ದೆವು.

ಮಲಗಿದ ಆ ಮೂರು ದಿನಗಳಲ್ಲಿ ನಾವು ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ನಮಗೆ ಭಾರವಾದುದು ಮನೆಯಲ್ಲ, ಎಲ್ಲವನ್ನೂ ಇಬ್ಬರೇ ಹೊರುವದು ಭಾರ. ನಾವು ಕಂಡ ಪಟ್ಟಣಗಳಲ್ಲಿ ಯಾವುದೂ ಒಬ್ಬರ ಸೊಂಟದ ಮೇಲೆ ನಿಂತಿರಲಿಲ್ಲ. ಮೆಟ್ಟಲಿಗೂ ಗಂಟೆಗೂ ಸಮಾಧಿಗೂ ಒಂದು ಸರದಿಯಿತ್ತು. ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಅದು ದಾಟುತ್ತಿತ್ತು. ಬದಲಾದ ಪಕ್ಕಾಸಿನಿಂದ ಉಳಿದಿದ್ದ ಒಂದು ಮರದ ತುಂಡನ್ನು ಉಜ್ಜಿ, ಅದರ ಮೇಲೆ “ಈ ವಾರ ನಮ್ಮ ಸರದಿ” ಎಂದು ಬಣ್ಣದಲ್ಲಿ ಬರೆದು, ಮೊದಲು ನಮ್ಮ ಗೇಟಿಗೇ ತೂಗಹಾಕಿದೆವು. ಓಣಿಯನ್ನು ಗುಡಿಸಿದ ಮೇಲೆ ಅದನ್ನು ಹಿಡಿದುಕೊಂಡು ನೆರೆಮನೆಗೆ ಹೋದೆವು. ಹೇಗೆ ತೆಗೆದುಕೊಳ್ಳುವರೋ ಎಂದು ಹೆದರಿಕೆಯಿತ್ತು. ನೆರೆಯ ಕಥೋಲಿಕ ಮನೆಯವರು ನಗುತ್ತ ತೆಗೆದುಕೊಂಡರು. ಮೂರನೆಯ ಮನೆಯವರು ತಮಗೆ ಬಿಡುವಿಲ್ಲವೆಂದರು. ಆದರೆ ಶನಿವಾರ ಅವರ ಕಾಲೇಜು ಹುಡುಗನು ತಾನಾಗಿಯೇ ಹಿಡಿಸೂಡಿ ಹಿಡಿದು ಬಂದನು. ನಾಲ್ಕನೆಯ ಮನೆಯ ತಾಯಿಯು ಹಲಗೆಯನ್ನು ಕಂಡು, “ಇದು ನಮ್ಮ ಶಾಲೆಯ ಪಟ್ಟಿಯಲ್ಲವೇ ಅಕ್ಕಾ!” ಎಂದಳು. ಅವಳೂ ಇದೇ ಶಾಲೆಯಲ್ಲಿ ಓದಿದವಳೆಂದು ಹತ್ತು ವರ್ಷ ನೆರೆಯಲ್ಲಿದ್ದ ನಮಗೆ ಗೊತ್ತಾದುದು ಅಂದೇ. ಐದನೆಯ ಮನೆಯವರು ಈವರೆಗೂ ಒಪ್ಪಿಲ್ಲ; ಅವರ ವಾರವನ್ನು ಉಳಿದ ನಾಲ್ವರೂ ಹಂಚಿಕೊಳ್ಳುತ್ತೇವೆ.

ಕ್ರಿಸ್ಮಸಿಗೆ ಎರಡು ವಾರ ಮೊದಲು ಹಿತ್ತಿಲನ್ನು ಕೇಳಿದವರಿಗೆ, ಸದ್ಯಕ್ಕೆ ಕೊಡುವ ಮನಸ್ಸಿಲ್ಲವೆಂದು ವಿನಯದಿಂದ ತಿಳಿಸಿದೆವು. ಮಗಳಿಗೆ ನಾವು ಮೂರು ಮಾತು ಕೊಟ್ಟೆವು: ಏಣಿಯನ್ನು ನಾವು ಹತ್ತುವದಿಲ್ಲ; ಪಾಚಿಯನ್ನು ಕೂಲಿಯವರಿಂದಲೇ ಕೆರೆಸುತ್ತೇವೆ; ನಮ್ಮಲ್ಲಿ ಒಬ್ಬರೇ ಉಳಿದ ದಿನ ಅವಳು ಹೇಳಿದಂತೆ ಕೇಳುತ್ತೇವೆ. ಅವಳೂ ಒಂದು ಮಾತನ್ನು ಕೊಟ್ಟಳು: ತನ್ನ ರಜೆಯನ್ನು ಇನ್ನು ಮುಂದೆ ಬೇಸಗೆಯ ಬದಲು ಅಕ್ಟೋಬರದಲ್ಲಿ ಪಡೆದು, ಮನೆಯನ್ನು ತೆರೆಯುವ ಕೆಲಸಕ್ಕೆ ಬರುವೆನು ಎಂದು. ಮೂರನೆಯ ಮಾತು ಅವಳಿಗೂ ನಮಗೂ ಹೇಳಲು ಸುಲಭವಾಗಿರಲಿಲ್ಲ; ಆದರೆ ಅದನ್ನು ಹೇಳಿದ ಮೇಲೆ ಮೂವರ ಮನಸ್ಸೂ ಹಗುರವಾಯಿತು.

ಪ್ರಿಯ ಹಳೇ ವಿದ್ಯಾರ್ಥಿನಿಯರೇ, ಮಾತಾಪಿತೃಗಳೇ, ಈ ಶಾಲೆಯು ಕಲಿಸಿದ ಪದ್ಯಗಳನ್ನೂ ಲೆಕ್ಕಗಳನ್ನೂ ನಾವು ಅಷ್ಟಿಷ್ಟು ಮರೆತಿರಬಹುದು. ತರಗತಿಯ ಗೋಡೆಯ ಮೇಲಿನ ಆ ಸರದಿಯ ಪಟ್ಟಿಯು ಮಾತ್ರ ನಮ್ಮ ಮುಪ್ಪಿನಲ್ಲಿ ಉಪಯೋಗಕ್ಕೆ ಬಂತು. ಈಗಿನ ಮಕ್ಕಳ ಕೈಗೆ ಹಿಡಿಸೂಡಿಯನ್ನು ಕೊಡುವದು ಸರಿಯೇ ಎಂದು ಸಂದೇಹಪಡುವ ತಂದೆತಾಯಿಗಳಿದ್ದಾರೆಂದು ಕೇಳುತ್ತೇವೆ. ಅವರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಸಿರಿವಂತರ ಮಗುವಿಗೂ ಬಡವರ ಮಗುವಿಗೂ ಸರದಿಯು ಒಂದೇ ಆಗಿರಲಿ, ಆದರೆ ಅದನ್ನು ತಪ್ಪಿಸಬೇಡಿರಿ. ಇದನ್ನು ಬರೆಯುತ್ತಿರುವ ವಾರ ಹಲಗೆಯು ನಾಲ್ಕನೆಯ ಮನೆಯ ಗೇಟಿನಲ್ಲಿದೆ. ಬಿಕರ್ನಕಟ್ಟೆಯ ಕಡೆಗೆ ಬಂದವರು ನಮ್ಮಲ್ಲಿಗೆ ಅವಶ್ಯವಾಗಿ ಬನ್ನಿರಿ. ಬಾಸೆಲಿನ ಉಪ್ಪಿನ ಪಾತ್ರೆಯನ್ನು ತೋರಿಸಿ, ನಮ್ಮ ತೆಂಗಿನ ಎಳನೀರನ್ನು ಕೊಡುತ್ತೇವೆ. ಕರ್ತನು ನಮ್ಮ ಶಾಲೆಯನ್ನೂ ಅದರ ಮಕ್ಕಳನ್ನೂ ಆಶೀರ್ವದಿಸಲಿ.